ಸಿಡುಬು ಹೋದ ನಾಡಿಗೆ ಪೋಲಿಯೊ ಮರಳಿದ್ದೇಕೆ? ಸೊಮಾಲಿಯಾದ ಲಸಿಕಾ ಚರಿತ್ರೆ, 1977–2017

1977ರ ಅಕ್ಟೋಬರ್. ಸೊಮಾಲಿಯಾದ ಮೆರ್ಕಾ ಪಟ್ಟಣದ ಆಸ್ಪತ್ರೆಯಲ್ಲಿ ಅಡುಗೆ ಕೆಲಸಕ್ಕಿದ್ದ ಅಲಿ ಮಾವ್ ಮಾಲಿನ್, ಸಿಡುಬು ತಗುಲಿದ್ದ ಇಬ್ಬರು ಮಕ್ಕಳನ್ನು ಕರೆದೊಯ್ಯುತ್ತಿದ್ದ ವಾಹನ ಹತ್ತಿ ಚಾಲಕನಿಗೆ ದಾರಿ ತೋರಿಸಿದ. ಆಸ್ಪತ್ರೆಯಲ್ಲೇ ಇದ್ದರೂ ನೋವಿಗೆ ಹೆದರಿ ಅವನು ಲಸಿಕೆ ಹಾಕಿಸಿಕೊಂಡಿರಲಿಲ್ಲ. ಆ ತಿಂಗಳ 26ರಂದು ಮೈಮೇಲೆ ಗುಳ್ಳೆ ಎದ್ದಾಗ ವೈದ್ಯರೂ ಮೊದಲು ಸೀತಾಳೆ ಸಿಡುಬೆಂದೇ ಭಾವಿಸಿದ್ದರು. ಸಹಜವಾಗಿ ಸಿಡುಬು ತಗುಲಿದವರಲ್ಲಿ ಜಗತ್ತಿಗೇ ಅವನು ಕೊನೆಯವನು. ಅವನ ಸಂಪರ್ಕಕ್ಕೆ ಬಂದ 161 ಜನರನ್ನು ಹುಡುಕಿ ನಿಗಾ ಇಡಲಾಯಿತು. ಎರಡು ವಾರಗಳಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿಗೆ ಲಸಿಕೆ ಬಿತ್ತು. ಅವನೂ ಗುಣವಾದ.

ಈ ಗೆಲುವನ್ನು ಆರೋಗ್ಯ ವ್ಯವಸ್ಥೆಯ ಗೆಲುವೆಂದು ಓದುವುದು ಅಷ್ಟು ಸರಿಯಲ್ಲ. ನೆರೆಯ ಇಥಿಯೋಪಿಯಾ ಜೊತೆಗಿನ ಒಗಡೆನ್ ಯುದ್ಧ ಆಗಲೇ ಶುರುವಾಗಿತ್ತು. ಅಲೆಮಾರಿ ಪಶುಪಾಲಕರು ಗಡಿ ದಾಟಿ ಓಡಾಡುತ್ತಿದ್ದರು. ಸರ್ಕಾರವೂ ಮೊದಮೊದಲು ರೋಗದ ಸುದ್ದಿಯನ್ನು ಮುಚ್ಚಿಟ್ಟಿತ್ತು. ಕೆಲಸ ಸುಲಭ ಮಾಡಿಕೊಟ್ಟದ್ದು ಆ ಲಸಿಕೆಯ ಗುಣ: ಒಣಪುಡಿಯ ರೂಪದಲ್ಲಿದ್ದು ಬಿಸಿಲನ್ನು ತಾಳಿಕೊಳ್ಳುತ್ತಿತ್ತು, ಕವಲು ತುದಿಯ ಸೂಜಿಯಿಂದ ಒಂದೇ ಸಲ ಹಾಕಿದರೆ ಸಾಕಿತ್ತು, ತೋಳಿನ ಮೇಲೆ ಉಳಿಯುವ ಕಲೆಯೇ ದಾಖಲೆ. ಕಡತ ಕಳೆದರೂ ನಡೆಯುತ್ತಿತ್ತು!

ಪೋಲಿಯೊ ಹನಿಯ ಕಥೆ ಬೇರೆ. ಅದನ್ನು ಸದಾ ತಂಪಿನಲ್ಲಿಡಬೇಕು, ಒಂದೇ ಮಗುವಿಗೆ ಮತ್ತೆ ಮತ್ತೆ ಹಾಕಬೇಕು. ಬೆರಳಿಗೆ ಹಚ್ಚುವ ಶಾಯಿ ಕೆಲವು ದಿನಗಳಲ್ಲಿ ಅಳಿಸಿಹೋಗುತ್ತದೆ. 1991ರಲ್ಲಿ ಅಧ್ಯಕ್ಷ ಸಿಯಾದ್ ಬರೆ ಆಡಳಿತ ಕುಸಿದ ಮೇಲೆ ಇಂಥ ನಿರಂತರ ಸೇವೆಯ ಹೊಣೆ ಹೊರುವ ಸರ್ಕಾರವೇ ಇರಲಿಲ್ಲ. ಅಭಿಯಾನಗಳು ನಡೆದವು, ಪೋಲಿಯೊ ಕೆಲಕಾಲ ಮಾಯವೂ ಆಯಿತು. ಆದರೆ 2005ರಲ್ಲಿ ಹೊರಗಿನಿಂದ ವೈರಾಣು ಮರಳಿತು, 2013ರಲ್ಲಿ ಮತ್ತೊಮ್ಮೆ. ಆ ವರ್ಷ ದೇಶದಲ್ಲಿ 194 ಪ್ರಕರಣಗಳು. ಉಗ್ರಗಾಮಿ ಸಂಘಟನೆ ಅಲ್-ಶಬಾಬ್ ಹಿಡಿತದ ಪ್ರದೇಶಗಳಲ್ಲಿ ಮನೆಮನೆಗೆ ಹೋಗಿ ಹನಿ ಹಾಕಲು ಅವಕಾಶವಿರಲಿಲ್ಲ. ಅಲ್ಲಿಂದ ಬರುವ ದಾರಿಗಳಲ್ಲೇ ಕಾರ್ಯಕರ್ತರು ಕಾದು ನಿಂತು ಮಕ್ಕಳಿಗೆ ಹನಿ ಹಾಕಿದರು. 2014ರ ಆಗಸ್ಟ್‌ನ ನಂತರ ಆ ವೈರಾಣುವಿನ ಪ್ರಕರಣ ಕಾಣಲಿಲ್ಲ.

ಈ ಕಾರ್ಯಕರ್ತರಲ್ಲಿ ಮಾಲಿನ್ ಕೂಡ ಇದ್ದ. ಲಸಿಕೆಗೆ ಒಲ್ಲೆ ಎನ್ನುವ ತಾಯ್ತಂದೆಯರಿಗೆ ಅವನು ಹೇಳುತ್ತಿದ್ದುದು ತನ್ನದೇ ಕಥೆಯನ್ನು. ತಜ್ಞರ ಭಾಷಣಕ್ಕಿಂತ ಅದಕ್ಕೆ ತೂಕ ಹೆಚ್ಚಿದ್ದಿರಬೇಕು. 2013ರ ಜುಲೈನಲ್ಲಿ, ಪೋಲಿಯೊ ಅಭಿಯಾನದ ನಡುವೆಯೇ, ಮಲೇರಿಯಾದಿಂದ ಮೆರ್ಕಾದಲ್ಲಿ ತೀರಿಕೊಂಡ.

ಯುದ್ಧದ ನಡುವೆ ಅಭಿಯಾನ ಸಾಧ್ಯ, ಸೊಮಾಲಿಯಾ ಅದನ್ನು ಎರಡೆರಡು ಸಲ ತೋರಿಸಿದೆ. ದಿನನಿತ್ಯದ ಲಸಿಕಾ ಸೇವೆ ಮಾತ್ರ ಬೆಳೆಯಲಿಲ್ಲ. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಲಸಿಕೆಯ ಮೂರನೇ ಡೋಸ್ ತಲುಪಿದ ಮಕ್ಕಳ ಪ್ರಮಾಣ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಅಂದಾಜಿನಂತೆ, ವರ್ಷಗಟ್ಟಲೆ ಶೇ. 42ರ ಆಸುಪಾಸಿನಲ್ಲೇ ನಿಂತಿತ್ತು. ಲಸಿಕೆ ಸರಿಯಾಗಿ ತಲುಪದ ಕಡೆ ಹುಟ್ಟಿಕೊಳ್ಳುವ, ಲಸಿಕೆಯ ವೈರಾಣುವಿನಿಂದಲೇ ರೂಪಾಂತರಗೊಂಡ ಎರಡನೇ ಮಾದರಿಯ ಪೋಲಿಯೊ 2017ರಿಂದ ಅಲ್ಲಿ ಹರಡುತ್ತಿದೆ.