ನಕ್ಷೆ ಉಳಿಸಿದ ಯಂತ್ರಗಳು

ಅರವತ್ತು, ಎಪ್ಪತ್ತರ ದಶಕದಲ್ಲಿ ಅಮೆರಿಕದ ಡಿಜಿಟಲ್ ಈಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನಿಂದ ಮಿನಿಕಂಪ್ಯೂಟರ್ ತರಿಸಿಕೊಂಡವರಿಗೆ ಯಂತ್ರದ ಜೊತೆ ಸರ್ಕ್ಯೂಟ್ ನಕ್ಷೆಗಳ ದಪ್ಪ ಕಟ್ಟೂ ಸಿಗುತ್ತಿತ್ತು. ಯಾವ ಬೋರ್ಡಿನಲ್ಲಿ ಯಾವ ಬಿಡಿಭಾಗ ಕೂತಿದೆ, ಅದರ ಯಾವ ಕಾಲಿನಿಂದ ಹೊರಟ ತಂತಿ ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದೆಲ್ಲ ಅದರಲ್ಲಿ ಇರುತ್ತಿತ್ತು. ಯಂತ್ರ ಕೆಟ್ಟರೆ ಎಂಜಿನಿಯರ್ ಗಿರಾಕಿಯ ಜಾಗಕ್ಕೇ ಬಂದು, ನಕ್ಷೆ ಹರಡಿಕೊಂಡು ಕೂತು, ದೋಷ ಹುಡುಕಿ ಸರಿಮಾಡುತ್ತಿದ್ದ ಕಾಲ ಅದು. ಎಲ್ಲರ ಬಾಯಲ್ಲಿ ಡೆಕ್ ಎನಿಸಿಕೊಂಡಿದ್ದ ಆ ಕಂಪನಿ 1998ರಲ್ಲಿ ಕಾಂಪ್ಯಾಕ್ ಪಾಲಾಯಿತು. ಅದರ ಯಂತ್ರಗಳು ಮಾತ್ರ ಅಮೆರಿಕ, ಯುರೋಪುಗಳ ಗ್ಯಾರೇಜುಗಳಲ್ಲಿ, ಮ್ಯೂಸಿಯಮ್ಮುಗಳಲ್ಲಿ ಒಂದೊಂದಾಗಿ ಮತ್ತೆ ಓಡತೊಡಗಿವೆ. ಇದಕ್ಕೆ ಮೊದಲ ಕಾರಣ ಆ ಕಾಗದದ ಕಟ್ಟು ಎಂದು ನಾನು ನಂಬುತ್ತೇನೆ. ಹಳೆಯ ಮಿನಿಕಂಪ್ಯೂಟರುಗಳನ್ನು ರಿಪೇರಿ ಮಾಡಿ ಓಡಿಸುವ ಈ ಕೆಲಸ ಕೆಲವರ ಹವ್ಯಾಸವಾಗಿ ಹುಟ್ಟಿ, ತನ್ನದೇ ಶಿಸ್ತು ಇರುವ ವಿದ್ಯೆಯಾಗಿ ಬೆಳೆದಿದೆ. ಆ ಬೆಳವಣಿಗೆಯ ಪ್ರತಿ ಹಂತದಲ್ಲೂ ಕಾಗದ ಇದ್ದವರ ಪಾಡು ಒಂದು, ಇಲ್ಲದವರ ಪಾಡು ಇನ್ನೊಂದು.

ಮಿನಿ ಎಂಬ ಹೆಸರು ಆ ಕಾಲದ ಅಳತೆಗೆ ತಕ್ಕದ್ದು. ಹವಾನಿಯಂತ್ರಿತ ಹಾಲ್ ತುಂಬ ಹರಡಿಕೊಳ್ಳುತ್ತಿದ್ದ ಮೇನ್‌ಫ್ರೇಮ್ ಮುಂದೆ ಬೀರುವಿನಷ್ಟು ದೊಡ್ಡ ಯಂತ್ರವೂ ಪುಟ್ಟದೇ. ಡೆಕ್‌ನ ಮೊದಲ ಕಂಪ್ಯೂಟರ್ ಪಿಡಿಪಿ-1ರ ಬೆಲೆ ಸುಮಾರು 1,20,000 ಡಾಲರ್; ತಯಾರಾದದ್ದು ಸುಮಾರು ಐವತ್ತು ಯಂತ್ರಗಳು ಮಾತ್ರ. 1965ರಲ್ಲಿ ಬಂದ ಪಿಡಿಪಿ-8 ಸುಮಾರು 18,000 ಡಾಲರಿಗೆ ಸಿಕ್ಕಿತು. 12 ಬಿಟ್, 4,096 ಪದಗಳ ಸ್ಮೃತಿ, ಅಷ್ಟೇ. ಆದರೂ ಒಂದು ಪ್ರಯೋಗಾಲಯ, ಒಂದು ಕಾರ್ಖಾನೆ ತನ್ನದೇ ಕಂಪ್ಯೂಟರ್ ಇಟ್ಟುಕೊಳ್ಳಬಹುದು ಎಂಬುದು ಮೊದಲು ನಿಜವಾದದ್ದು ಅದರಿಂದ. 1970ರಲ್ಲಿ 16 ಬಿಟ್‌ನ ಪಿಡಿಪಿ-11 ಬಂತು. ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಬೆಳೆದದ್ದು ಅದರ ಮೇಲೆ. ಡೇಟಾ ಜನರಲ್‌ನ ನೋವಾ, ಎಚ್‌ಪಿಯ 2100 ಸರಣಿ ಇದೇ ಹೊತ್ತಿನವು.

ಎಂಬತ್ತರ ದಶಕದಲ್ಲಿ ಮೈಕ್ರೊಪ್ರೊಸೆಸರ್ ಇವುಗಳ ಜಾಗ ಹಿಡಿಯಿತು. ಕಚೇರಿಗಳು ಹಳೆ ಯಂತ್ರಗಳನ್ನು ಟನ್ನಿನ ಲೆಕ್ಕದಲ್ಲಿ ಗುಜರಿಗೆ ಹಾಕಿದವು. ಬೋರ್ಡುಗಳ ಅಂಚಿಗೆ ಚಿನ್ನದ ಲೇಪ ಇರುತ್ತಿದ್ದುದೇ ಅವಕ್ಕೆ ಮುಳುವಾಯಿತು. ಆಮ್ಲದಲ್ಲಿ ಅದ್ದಿ ಚಿನ್ನ ತೆಗೆದ ಮೇಲೆ ಉಳಿದದ್ದು ಕಸ. ಆಗ ಅವನ್ನು ಎತ್ತಿಟ್ಟುಕೊಂಡವರಲ್ಲಿ ಅವುಗಳ ಮೇಲೆ ಕೆಲಸ ಮಾಡಿದ್ದ ಎಂಜಿನಿಯರುಗಳು, ಅವುಗಳಲ್ಲೇ ಪ್ರೋಗ್ರಾಮಿಂಗ್ ಕಲಿತ ವಿದ್ಯಾರ್ಥಿಗಳು ಬಹಳ. ಓಡಿಸುವ ಯೋಚನೆ ಆಗ ಎಲ್ಲರಿಗೂ ಇರಲಿಲ್ಲ, ಉಳಿದರೆ ಸಾಕಿತ್ತು. 1997ರಲ್ಲಿ ಸೆಲ್ಲಂ ಇಸ್ಮಾಯಿಲ್ ಕ್ಯಾಲಿಫೋರ್ನಿಯಾದಲ್ಲಿ ವಿಂಟೇಜ್ ಕಂಪ್ಯೂಟರ್ ಫೆಸ್ಟಿವಲ್ ಆರಂಭಿಸಿದ ಮೇಲೆ, ಬೇರೆ ಬೇರೆ ಊರುಗಳಲ್ಲಿ ಒಬ್ಬೊಬ್ಬರೇ ಕೂತಿದ್ದವರು ಒಂದೆಡೆ ಸೇರಿ, ಬಿಡಿಭಾಗ ಬದಲಾಯಿಸಿಕೊಂಡು, ಕಲಿತದ್ದನ್ನು ಹಂಚಿಕೊಳ್ಳುವ ರೂಢಿ ಬಲವಾಯಿತು.

ಅದಕ್ಕೂ ಮೊದಲೇ ಇನ್ನೊಂದು ದಾರಿ ತೆರೆದಿತ್ತು. ಡೆಕ್‌ನಲ್ಲಿ ಹಿರಿಯ ಹುದ್ದೆಯಲ್ಲಿದ್ದ ಬಾಬ್ ಸಪ್ನಿಕ್ 1993ರಲ್ಲಿ ಸಿಮ್‌ಎಚ್ ಎಂಬ ತಂತ್ರಾಂಶ ಬರೆಯಲು ತೊಡಗಿದರು. ಪಿಡಿಪಿ-8, ಪಿಡಿಪಿ-11, ನೋವಾ ಮುಂತಾದವು ಇಂದಿನ ಸಾಧಾರಣ ಕಂಪ್ಯೂಟರಿನೊಳಗೆ ತಮ್ಮ ಹಳೆಯ ನಡೆ ನಡೆಯುವಂತೆ ಮಾಡುವ ಎಮ್ಯುಲೇಟರ್ ಅದು. ಯಂತ್ರವೇ ಇಲ್ಲದವರೂ ಹಳೆಯ ತಂತ್ರಾಂಶ ಓಡಿಸಬಹುದಾಯಿತು. ಎಮ್ಯುಲೇಟರ್ ಇರುವಾಗ ಕಬ್ಬಿಣದ ಬೀರು ಯಾಕೆ ಎಂದು ಕೇಳಿದವರುಂಟು. ನನ್ನ ಮಟ್ಟಿಗೆ ಎರಡೂ ಒಂದನ್ನೊಂದು ನಡೆಸಿದವು: ರಿಪೇರಿ ಮಾಡುವವರು ನಿಜವಾದ ಯಂತ್ರ ಎಲ್ಲಿ ಎಡವುತ್ತಿದೆ ಎಂದು ತಿಳಿಯಲು ಎಮ್ಯುಲೇಟರಿನ ನಡೆಯ ಜೊತೆ ಹೋಲಿಸುತ್ತಾರೆ, ಎಮ್ಯುಲೇಟರ್ ಬರೆಯುವವರು ಕೈಪಿಡಿಯಲ್ಲಿ ಅಸ್ಪಷ್ಟವಾಗಿ ಉಳಿದದ್ದನ್ನು ನಿಜವಾದ ಯಂತ್ರದ ಮೇಲೆ ಪರೀಕ್ಷಿಸುತ್ತಾರೆ. ಇಬ್ಬರಿಗೂ ಬೇಕಾದದ್ದು ಕೈಪಿಡಿ ಮತ್ತು ನಕ್ಷೆ. ಅವನ್ನು ಹಾಳೆ ಹಾಳೆಯಾಗಿ ಸ್ಕ್ಯಾನ್ ಮಾಡಿ, ಬಿಟ್‌ಸೇವರ್ಸ್ ಎಂಬ ಭಂಡಾರದಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ತೆಗೆದುಕೊಳ್ಳುವಂತೆ ಇಟ್ಟವರು ಆಲ್ ಕೊಸ್ಸೊ. ಈ ಕ್ಷೇತ್ರ ಅವರಿಗೆ ತೀರಿಸಲಾಗದಷ್ಟು ಋಣಿ.

ಮ್ಯೂಸಿಯಮ್ಮಿನ ಮಟ್ಟದಲ್ಲಿ ಎಲ್ಲರಿಗೂ ಮಾದರಿಯಾದ ಕೆಲಸ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಮ್ಮಿನದು. ಅಲ್ಲಿನ ಸ್ವಯಂಸೇವಕರ ತಂಡ 2003ರಲ್ಲಿ ಪಿಡಿಪಿ-1ಕ್ಕೆ ಕೈಹಾಕಿತು. 2006ರ ಹೊತ್ತಿಗೆ ಅದು ಜನರೆದುರು ಓಡುತ್ತಿತ್ತು. 1962ರಲ್ಲಿ ಎಂಐಟಿಯಲ್ಲಿ ಇದೇ ಮಾದರಿಯ ಮೇಲೆ ಸ್ಪೇಸ್‌ವಾರ್ ಆಟ ಬರೆದ ಸ್ಟೀವ್ ರಸೆಲ್ ಆ ತಂಡದಲ್ಲಿ ಇದ್ದರು. ಬರೆದವರೇ ಪಕ್ಕದಲ್ಲಿ ನಿಂತು ನಾಲ್ಕು ದಶಕಗಳ ಹಿಂದಿನ ಆಟವನ್ನು ದುಂಡು ಪರದೆಯ ಮೇಲೆ ತೋರಿಸುವುದು ಎಂದರೆ ಸಾಮಾನ್ಯ ಸಂಗತಿಯಲ್ಲ. ರೋಡ್ ಐಲ್ಯಾಂಡ್ ಕಂಪ್ಯೂಟರ್ ಮ್ಯೂಸಿಯಮ್ಮಿನ ಸ್ವಯಂಸೇವಕರು ಪಿಡಿಪಿ-9, ಪಿಡಿಪಿ-12ರಂಥ ಅಪರೂಪದ ಯಂತ್ರಗಳನ್ನು ಎತ್ತಿಕೊಂಡರು.

ಈ ಕೆಲಸದ ಕ್ರಮ ಈಗ ಬಹುಮಟ್ಟಿಗೆ ಖಚಿತವಾಗಿದೆ. ಸಿಕ್ಕ ಯಂತ್ರಕ್ಕೆ ಪ್ಲಗ್ ಹಾಕಲೇಬಾರದು ಎಂಬುದು ಮೊದಲ ಪಾಠ. ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನೊಳಗೆ ಆಕ್ಸೈಡಿನ ತೆಳುಪದರ ಇರುತ್ತದೆ. ವರ್ಷಗಟ್ಟಲೆ ಕರೆಂಟು ಕಾಣದಿದ್ದರೆ ಅದು ಸವೆಯುತ್ತದೆ. ಒಮ್ಮೆಗೇ ಪೂರ್ತಿ ವೋಲ್ಟೇಜ್ ಬಿಟ್ಟರೆ ಕೆಪಾಸಿಟರ್ ಕಾದು ಒಡೆಯಬಹುದು. ಆದ್ದರಿಂದ ಬೋರ್ಡುಗಳನ್ನೆಲ್ಲ ಹೊರಗೆಳೆದಿಟ್ಟು, ಪವರ್ ಸಪ್ಲೈಯನ್ನು ಬೇರೆ ಮಾಡಿ, ಕೆಪಾಸಿಟರುಗಳಿಗೆ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ವೋಲ್ಟೇಜ್ ಏರಿಸುತ್ತಾ ಆ ಪದರ ಮತ್ತೆ ಕಟ್ಟಿಕೊಳ್ಳುವಂತೆ ಮಾಡುತ್ತಾರೆ. ಆಮೇಲೆ ಬೋರ್ಡುಗಳ ಬದಲು ಬಲ್ಬು, ದೊಡ್ಡ ರೆಸಿಸ್ಟರು ಜೋಡಿಸಿ ಭಾರ ಕೊಟ್ಟು ನೋಡುತ್ತಾರೆ. ಇಲ್ಲಿ ಅವಸರ ಮಾಡಿದರೆ ಯಂತ್ರವೇ ಹೋದೀತು: 5 ವೋಲ್ಟಿನ ಸಾಲು ಕೈತಪ್ಪಿ 7 ವೋಲ್ಟ್ ದಾಟಿದರೆ ನೂರಾರು ಟಿಟಿಎಲ್ ಚಿಪ್ಪುಗಳು ಏಕಕಾಲಕ್ಕೆ ಸುಟ್ಟುಹೋಗಬಹುದು. ಗಾಳಿ ಸೋಸಲು, ಸದ್ದು ತಗ್ಗಿಸಲು ಹಾಕಿದ್ದ ಫೋಮ್ ಅಷ್ಟು ಹೊತ್ತಿಗೆ ಅಂಟಂಟಾದ ಕಪ್ಪು ಪುಡಿಯಾಗಿರುತ್ತದೆ. ಅದನ್ನು ಚೂರೂ ಬಿಡದೆ ಕೆರೆದು ತೆಗೆಯುವುದು ಬೇಸರದ ಕೆಲಸ, ಆದರೆ ಬಿಡುವಂತಿಲ್ಲ.

ಬಳಿಕ ಮುಂಭಾಗದ ಫಲಕ. ಆ ಕಾಲದ ಯಂತ್ರಗಳಲ್ಲಿ ಒಂದೊಂದು ಬಿಟ್ಟಿಗೂ ಒಂದು ಸ್ವಿಚ್, ಒಂದು ದೀಪ. ಎರಡು ಮೂರು ಆದೇಶಗಳ ಪುಟ್ಟ ಪ್ರೋಗ್ರಾಮನ್ನು ಸ್ವಿಚ್ಚುಗಳಲ್ಲೇ ತುಂಬಿಸಿ, ಅದು ಸುತ್ತುತ್ತಿರುವಾಗ ಆಸಿಲೋಸ್ಕೋಪ್ ಮೊನೆಯನ್ನು ನಕ್ಷೆ ತೋರಿಸಿದ ಜಾಗದಲ್ಲಿಟ್ಟು ನೋಡುತ್ತಾರೆ. ಒಂದು ಗೇಟ್ ಏಳಬೇಕಾದಲ್ಲಿ ಏಳದಿದ್ದರೆ ಅದರ ಹಿಂದಿನದಕ್ಕೆ, ಅಲ್ಲಿಂದ ಅದರ ಹಿಂದಿನದಕ್ಕೆ. ಕೊನೆಗೆ ಸಿಕ್ಕುವ ಅಪರಾಧಿ ಹಲವು ಸಲ ಕಾಸಿನ ಬೆಲೆಯ ಒಂದು ಚಿಪ್, ಇಲ್ಲವೇ ಬಿಟ್ಟುಹೋದ ಒಂದು ಬೆಸುಗೆ. ಆ ಯಂತ್ರಗಳ ಕೋರ್ ಸ್ಮೃತಿಯಲ್ಲಿ ಬಿಟ್ಟಿಗೊಂದರಂತೆ ಇರುವ ಪುಟ್ಟ ಕಾಂತೀಯ ಉಂಗುರಗಳು ಕರೆಂಟು ಇಲ್ಲದೆಯೂ ತಮ್ಮ ಕಾಂತತ್ವ ಉಳಿಸಿಕೊಳ್ಳುತ್ತವೆ. ಆದ್ದರಿಂದ ಕಡೆಯ ಬಾರಿ ಯಂತ್ರ ಆರಿಸಿದವರು ಬಿಟ್ಟುಹೋದ ಪ್ರೋಗ್ರಾಮ್ ಅದರಲ್ಲೇ ಕೂತಿರಬಹುದು. ಬಲ್ಲವರು ಏನನ್ನೂ ಬರೆಯುವ ಮೊದಲು ಅದನ್ನು ಓದಿಕೊಳ್ಳುತ್ತಾರೆ.

ಎಲ್ಲಕ್ಕಿಂತ ಕಠಿಣ ಚಲಿಸುವ ಭಾಗಗಳದು. ಕಂಪ್ಯೂಟರಿಗೆ ಜೋಡಿಸುತ್ತಿದ್ದ ಎಎಸ್ಆರ್-33 ಟೆಲಿಟೈಪ್ ಸೆಕೆಂಡಿಗೆ ಹತ್ತು ಅಕ್ಷರ ಬಡಿಯುತ್ತಿತ್ತು. ಅದರ ಸುತ್ತಿಗೆಯ ತುದಿಯ ರಬ್ಬರು ಕರಗಿ ಜಿಗುಟಾಗುವುದು ಎಲ್ಲರೂ ಬಲ್ಲ ಕಾಯಿಲೆ. ಆರ್‌ಕೆ05 ಡಿಸ್ಕ್ ಡ್ರೈವ್ 14 ಅಂಗುಲದ ತಟ್ಟೆಯಲ್ಲಿ 2.5 ಮೆಗಾಬೈಟ್ ಹಿಡಿಸುತ್ತಿತ್ತು. ತಿರುಗುವ ತಟ್ಟೆಯ ಮೇಲೆ ಗಾಳಿಯ ತೆಳು ಪದರದಲ್ಲಿ ತೇಲುವ ಅದರ ತಲೆಗೆ ಒಂದು ಕಣ ಧೂಳು ಸಿಕ್ಕರೂ ತಟ್ಟೆ ಗೀಚಿ ಮಾಹಿತಿ ಹಾಳು. ಈ ಭಯಕ್ಕೆ ಒಳ್ಳೆಯ ಉತ್ತರ ಜರ್ಮನಿಯ ಯೋರ್ಗ್ ಹೊಪ್ಪೆ ರೂಪಿಸಿದ ಯುನಿಬೋನ್. ಪಿಡಿಪಿ-11ರ ಗೂಡಿಗೆ ಸೇರಿಸುವ ಈ ಹೊಸ ಬೋರ್ಡು ತಾನೇ ಡಿಸ್ಕಿನಂತೆ, ಸ್ಮೃತಿಯಂತೆ ವರ್ತಿಸುತ್ತದೆ, ಜೊತೆಗೆ ಯಂತ್ರದ ತಪಾಸಣೆಯನ್ನೂ ಮಾಡುತ್ತದೆ. ಹಳೆ ತಟ್ಟೆಯನ್ನು ಅಪಾಯಕ್ಕೆ ಒಡ್ಡದೆ ಯಂತ್ರ ಓಡಿಸಬಹುದು.

ಹೀಗೆ ಹೊಸದನ್ನು ಸೇರಿಸುತ್ತಾ ಹೋದರೆ ಅದು ಹಳೆಯ ಯಂತ್ರವಾಗಿ ಉಳಿಯುತ್ತದೆಯೇ ಎಂಬ ಜಗಳ ಸಂಗ್ರಾಹಕರ ನಡುವೆ ಇನ್ನೂ ತಣಿದಿಲ್ಲ. ಹಳೆಯ ಕಟ್ಟಡಗಳಿಗೂ ಇದೇ ಪ್ರಶ್ನೆ ಇದೆ: ನಾನಿರುವ ಸೌದಿಯ ಉನೈಜಾದಲ್ಲಿ ಅಲ್ ಬಸ್ಸಾಮ್ ಮನೆ ಎಂಬ ನಜ್ದ್ ಶೈಲಿಯ ಮಣ್ಣಿನ ಕಟ್ಟಡವನ್ನು ಪಾರಂಪರಿಕ ತಾಣವಾಗಿ ಕಾಪಾಡಿದ್ದಾರೆ. ಮಣ್ಣಿನ ಗೋಡೆಗೆ ಆಗಾಗ ಹೊಸ ಮಣ್ಣು ಮೆತ್ತದಿದ್ದರೆ ಅದು ನಿಲ್ಲುವುದೇ ಇಲ್ಲ. ಮೆತ್ತುವ ಮಣ್ಣು ಅದೇ ಬಗೆಯದಾಗಿರಬೇಕು, ಹಾಕುವ ತೊಲೆ ಅದೇ ಮರದ್ದಾಗಿರಬೇಕು. ಸಂಗ್ರಾಹಕರಲ್ಲಿ ಎಚ್ಚರವುಳ್ಳವರು ನಡೆಯುವುದೂ ಇದೇ ಹಾದಿಯಲ್ಲಿ: ಕೆಟ್ಟ ಚಿಪ್ಪಿನ ಬದಲು ಅದೇ ಸಂಖ್ಯೆಯ ಚಿಪ್, ತೆಗೆದದ್ದನ್ನು ಚೀಟಿ ಬರೆದು ಡಬ್ಬಿಯಲ್ಲಿ, ಮಾಡಿದ್ದೆಲ್ಲವೂ ಪುಸ್ತಕದಲ್ಲಿ. ಹೊಸ ಬೋರ್ಡು ಸೇರಿಸಿದರೆ ಅದನ್ನು ಕಳಚಿ ಯಂತ್ರವನ್ನು ಮೊದಲಿನಂತೆ ಮಾಡಲು ಸಾಧ್ಯವಿರಬೇಕು. ನಾನು ಇವರ ಪಕ್ಷ.

ಸಿಯಾಟಲ್‌ನಲ್ಲಿ ಮೈಕ್ರೊಸಾಫ್ಟ್‌ನ ಪಾಲ್ ಆ್ಯಲನ್ ಕಟ್ಟಿದ ಲಿವಿಂಗ್ ಕಂಪ್ಯೂಟರ್ ಮ್ಯೂಸಿಯಂ 2012ರಲ್ಲಿ ಬಾಗಿಲು ತೆರೆದಾಗ ಈ ಕ್ಷೇತ್ರ ತನ್ನ ಶಿಖರ ಮುಟ್ಟಿತೆನ್ನಬಹುದು. ಯಂತ್ರಗಳು ಅಲ್ಲಿ ಓಡುತ್ತಲೇ ಇರುತ್ತಿದ್ದವು, ದೂರದಿಂದಲೂ ಲಾಗಿನ್ ಆಗಬಹುದಿತ್ತು. ಅಲ್ಲಿ ನಡೆದ ಒಂದು ಕೆಲಸ ನನಗೆ ಬಹಳ ಮುಖ್ಯ. ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ 1969ರಲ್ಲಿ ಯುನಿಕ್ಸಿನ ಮೊದಲ ರೂಪವನ್ನು ಬರೆದದ್ದು ಪಿಡಿಪಿ-7ರ ಮೇಲೆ. ಆ ಕಾಲದ ಮುದ್ರಿತ ಕೋಡಿನ ಹಾಳೆಗಳ ಸ್ಕ್ಯಾನ್ ಸಿಕ್ಕಾಗ, ಆಸ್ಟ್ರೇಲಿಯಾದ ವಾರನ್ ಟೂಮಿ ಮತ್ತು ಜೊತೆಗಾರರು ಅದನ್ನು ಮತ್ತೆ ಕಂಪ್ಯೂಟರಿಗೆ ತುಂಬಿ, ಕಾಣೆಯಾದ ಭಾಗಗಳನ್ನು ತಾವೇ ಬರೆದು, ಮೊದಲು ಎಮ್ಯುಲೇಟರಿನಲ್ಲಿ ಓಡಿಸಿದರು. 2019ರಲ್ಲಿ, ಯುನಿಕ್ಸಿಗೆ ಐವತ್ತು ತುಂಬಿದ ವರ್ಷ, ಅದು ಈ ಮ್ಯೂಸಿಯಮ್ಮಿನ ನಿಜವಾದ ಪಿಡಿಪಿ-7ರ ಮೇಲೆ ಓಡಿತು. ಆ ಹೊತ್ತಿಗೆ ಆ್ಯಲನ್ ತೀರಿಕೊಂಡಿದ್ದರು. 2020ರ ಕೋವಿಡ್‌ನಲ್ಲಿ ಮುಚ್ಚಿದ ಬಾಗಿಲು ಮತ್ತೆ ತೆರೆಯಲಿಲ್ಲ. 2024ರಲ್ಲಿ ಸಂಗ್ರಹದ ಒಂದು ಭಾಗ ಕ್ರಿಸ್ಟೀಸ್ ಹರಾಜಿಗೆ ಬಂತು. ಒಬ್ಬ ಶ್ರೀಮಂತನ ಕೈಯನ್ನೇ ನೆಚ್ಚಿಕೊಂಡ ಸಂಗ್ರಹ ಆತನ ನಂತರ ಚೆದುರಿದ್ದು ನೋವಿನ ಸಂಗತಿ.

ಕಾಗದವೇ ಇಲ್ಲದಿದ್ದರೆ? ಟೆಕ್ಸಾಸಿನ ಸಣ್ಣ ಕಂಪನಿಯೊಂದು ತಯಾರಿಸಿದ ಸೆಂಚುರಿಯನ್ ಮಿನಿಕಂಪ್ಯೂಟರಿನ ಕತೆ ಅದು. ಡೇವಿಡ್ ಲವೆಟ್ ಅದನ್ನು ಎತ್ತಿಕೊಂಡಾಗ ಅದರ ಬಗ್ಗೆ ತಿಳಿದದ್ದು ಅತ್ಯಲ್ಪ. ಚಿಪ್ಪುಗಳಲ್ಲಿದ್ದ ಕೋಡನ್ನು ಓದಿ ತೆಗೆದು, ಬೋರ್ಡಿನ ಗೆರೆಗಳನ್ನು ಒಂದೊಂದಾಗಿ ಹಿಂಬಾಲಿಸಿ, ಪ್ರೊಸೆಸರಿನ ಆದೇಶಗಳ ಅರ್ಥವನ್ನು ಹಲವರು ಸೇರಿ ಬಿಡಿಸಿದರು. ಹಿಂದೆ ಆ ಕಂಪನಿಯಲ್ಲಿ ದುಡಿದವರೂ ನೆರವಾದರು. ಒಂದು ನಕ್ಷೆಯ ಕಟ್ಟು ಇದ್ದಿದ್ದರೆ ಉಳಿಯುತ್ತಿದ್ದ ಶ್ರಮ ಎಷ್ಟು ಎಂಬುದು ಇದರಿಂದ ಗೊತ್ತಾಗುತ್ತದೆ. ಕಾಗದವಿಲ್ಲದ ಯಂತ್ರಕ್ಕೂ ದಾರಿ ಉಂಟೆಂಬ ಧೈರ್ಯವೂ ಇದರಲ್ಲೇ ಇದೆ.

ನಮ್ಮ ದೇಶಕ್ಕೆ ಈ ಧೈರ್ಯ ಬೇಕಾಗಿದೆ. ಹೈದರಾಬಾದಿನ ಇಸಿಐಎಲ್ 1969ರಲ್ಲೇ ಟಿಡಿಸಿ-12 ಎಂಬ 12 ಬಿಟ್ ಯಂತ್ರ ಹೊರತಂದಿತು. ಮುಂದೆ ಟಿಡಿಸಿ-312, 16 ಬಿಟ್‌ನ ಟಿಡಿಸಿ-316 ಬಂದವು. ಮೈಸೂರಿನಲ್ಲಿ ಓದಿದ ಎನ್.ಆರ್. ನಾರಾಯಣಮೂರ್ತಿ ಅಹಮದಾಬಾದಿನ ಐಐಎಂನಲ್ಲಿ ಎಚ್‌ಪಿ ಯಂತ್ರದ ಟೈಮ್‌ಶೇರಿಂಗ್ ವ್ಯವಸ್ಥೆಯ ಮೇಲೆ ಕೆಲಸ ಮಾಡಿದವರು. ಮುಂದೆ ಅವರ ಇನ್ಫೋಸಿಸ್ ಬೆಂಗಳೂರಿನಲ್ಲಿ ತರಿಸಿದ ಮೊದಲ ಸ್ವಂತ ಕಂಪ್ಯೂಟರ್ ಡೇಟಾ ಜನರಲ್‌ನ ಎಂವಿ/8000. ವಿಪ್ರೊ 1981ರಲ್ಲಿ ಇಂಟೆಲ್ 8086 ಆಧಾರದ ಮಿನಿಕಂಪ್ಯೂಟರ್ ಮಾರುಕಟ್ಟೆಗೆ ತಂದಿತು, ಪಿಎಸ್ಐ ಎಂಬ ಕಂಪನಿ ಬೆಂಗಳೂರಿನಲ್ಲೇ ಕಂಪ್ಯೂಟರ್ ಕಟ್ಟುತ್ತಿತ್ತು. ಬೆಂಗಳೂರನ್ನು ಸಾಫ್ಟ್‌ವೇರಿನ ಊರೆಂದು ಹೊಗಳುವವರು ಬೆಸುಗೆ ಕಡ್ಡಿ ಹಿಡಿದು ಯಂತ್ರವನ್ನೇ ಕಟ್ಟಿದ ಈ ತಲೆಮಾರನ್ನು ಮರೆಯುತ್ತಿರುವುದು ನನಗೆ ಸಹಿಸಲಾಗದ ವಿಷಯ. ಡೆಕ್‌ನ ಯಂತ್ರಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ತಯಾರಾದವು, ಅವುಗಳ ನಕ್ಷೆಗಳೂ ಅಷ್ಟೇ ಪ್ರತಿಗಳಲ್ಲಿ ಹರಡಿದವು. ಕೆಲವೇ ಕೆಲವು ತಯಾರಾದ ಯಂತ್ರಕ್ಕೆ ಆ ಅದೃಷ್ಟ ಇರುವುದಿಲ್ಲ. ಟಿಟಿಎಲ್ ಚಿಪ್ಪು ಇವತ್ತಿಗೂ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತದೆ, ಆದರೆ ಅದನ್ನು ಎಲ್ಲಿ ಕೂರಿಸಬೇಕು ಎಂದು ಹೇಳುವ ಹಾಳೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಆ ಕಾಲದಲ್ಲಿ ಇಸಿಐಎಲ್‌ನಲ್ಲೋ ವಿಪ್ರೊದಲ್ಲೋ ಪಿಎಸ್ಐನಲ್ಲೋ ದುಡಿದ ಅಪ್ಪ, ದೊಡ್ಡಪ್ಪ, ಅಜ್ಜ ನಿಮ್ಮ ಮನೆಯಲ್ಲಿದ್ದರೆ ಅವರ ಟ್ರಂಕು, ಅಟ್ಟ ಖಾಲಿ ಮಾಡುವ ಮೊದಲು ನೋಡಿ. ಸರ್ಕ್ಯೂಟ್ ನಕ್ಷೆ, ತರಬೇತಿಯ ಟಿಪ್ಪಣಿ, ಸರ್ವಿಸ್ ಲಾಗ್ ಪುಸ್ತಕ, ಮುದ್ರಿತ ಪ್ರೋಗ್ರಾಮ್, ತೂತು ಹೊಡೆದ ಪೇಪರ್ ಟೇಪ್, ಯಾವುದನ್ನೂ ಹಳೆ ಪೇಪರಿನವರಿಗೆ ಕೊಡಬೇಡಿ. ಮ್ಯಾಗ್ನೆಟಿಕ್ ಟೇಪ್ ಇದ್ದರೆ ಸುತ್ತಿ ನೋಡಬೇಡಿ. ಅಂಟಿಕೊಂಡ ಪದರ ಕಿತ್ತುಬಂದರೆ ಮಾಹಿತಿಯೂ ಅದರೊಡನೆ ಹೋಗುತ್ತದೆ, ಬಲ್ಲವರು ಅದನ್ನು ಮೊದಲು ಹದವಾದ ಶಾಖದಲ್ಲಿಟ್ಟು ಒಣಗಿಸುತ್ತಾರೆ. ಹಾಳೆಗಳನ್ನು ಮೊಬೈಲಿನಲ್ಲಾದರೂ ಫೋಟೊ ತೆಗೆದಿಡಿ. ಯಂತ್ರ ಅಥವಾ ಬೋರ್ಡು ಸಿಕ್ಕರೆ ಕರೆಂಟು ಕೊಡಬೇಡಿ. ಆ ಹಿರಿಯರು ಇನ್ನೂ ನಮ್ಮೊಡನೆ ಇದ್ದರೆ ಹಾಳೆ ಅವರ ಮುಂದಿಟ್ಟು, ಪೆನ್ಸಿಲಿನಲ್ಲಿ ಗೀಚಿದ ತಿದ್ದುಪಡಿ ಯಾಕೆ ಮಾಡಿದ್ದೆಂದು ಕೇಳಿ, ಉತ್ತರವನ್ನು ರೆಕಾರ್ಡ್ ಮಾಡಿಕೊಳ್ಳಿ.