ಡೈನೋಸಾರ್ ಜೂನಿಯರ್‌ನ ‘ಬಿಯಾಂಡ್’: ಒಡೆದ ಬ್ಯಾಂಡಿನ ಎರಡನೇ ಇನಿಂಗ್ಸ್

ಒಡೆದುಹೋದ ಬ್ಯಾಂಡ್ ಮತ್ತೆ ಒಂದಾಯ್ತು ಅಂದ್ರೆ ನನಗೆ ಮೊದಲು ಬರೋದು ಅನುಮಾನ. ಹಳೇ ಹಾಡು ಬಾರಿಸಿ ದುಡ್ಡು ಮಾಡ್ಕೊಂಡು ಹೋಗ್ತಾರೆ, ಅಷ್ಟೇ ಅಂತ. ಅದನ್ನು ಸುಳ್ಳು ಮಾಡಿದ್ದು ಅಮೆರಿಕದ ಡೈನೋಸಾರ್ ಜೂನಿಯರ್.

ಮ್ಯಾಸಚೂಸೆಟ್ಸ್‌ನ ಆಮ್ಹರ್ಸ್ಟ್‌ನಲ್ಲಿ 1984ರಲ್ಲಿ ಹುಟ್ಟಿದ ಬ್ಯಾಂಡ್ ಇದು. ಗಿಟಾರ್ ಮತ್ತು ಗಾಯನ ಜೆ. ಮ್ಯಾಸ್ಕಿಸ್, ಬಾಸ್ ಲೂ ಬಾರ್ಲೋ, ಡ್ರಮ್ಸ್ ಮರ್ಫ್. ಮೂರು ಆಲ್ಬಂ ಆದ ಮೇಲೆ 1989ರಲ್ಲಿ ಬಾರ್ಲೋನನ್ನು ಹೊರಹಾಕಲಾಯಿತು. ಆತ ಸೆಬಡೋ ಬ್ಯಾಂಡಿನಲ್ಲಿ ಮ್ಯಾಸ್ಕಿಸ್ ಮೇಲಿನ ಸಿಟ್ಟನ್ನೇ ಹಾಡು ಮಾಡಿದ. ಇತ್ತ ಮ್ಯಾಸ್ಕಿಸ್ 1991ರ ‘ಗ್ರೀನ್ ಮೈಂಡ್’ನಲ್ಲಿ ಡ್ರಮ್ಸನ್ನೂ ಬಹುಪಾಲು ತಾನೇ ಬಾರಿಸಿದ. ಮೂವರೂ ಮತ್ತೆ ಒಟ್ಟಿಗೆ ವೇದಿಕೆ ಹತ್ತಿದ್ದು 2005ರಲ್ಲಿ. 2007ರಲ್ಲಿ ‘ಬಿಯಾಂಡ್’ ಬಂತು.

ಮೊದಲ ಹಾಡು ‘ಆಲ್ಮೋಸ್ಟ್ ರೆಡಿ’ ಶುರುವಾಗೋದೇ ಗಿಟಾರ್ ಸೋಲೋದಿಂದ. ಪೀಠಿಕೆ ಗೀಠಿಕೆ ಏನಿಲ್ಲ. ಮ್ಯಾಸ್ಕಿಸ್‌ನದು ಈಗಷ್ಟೇ ನಿದ್ದೆಯಿಂದ ಎದ್ದವನ ದನಿ. ಹೇಳಬೇಕಾದ್ದನ್ನೆಲ್ಲ ಆತನ ಗಿಟಾರೇ ಹೇಳುತ್ತೆ. ಬಾರ್ಲೋ ಬಾಸ್ ಮೇಲೂ ಗಿಟಾರಿನಂತೆ ಕಾರ್ಡ್ಸ್ ಬಾರಿಸೋನು. ಹಾಗಾಗಿ ಎರಡು ವಾದ್ಯಗಳೂ ಒಂದೇ ಜಾಗಕ್ಕೆ ಗುದ್ದಾಡ್ತವೆ. ಬಾರ್ಲೋ ಹೋದ ಮೇಲಿನ ಆಲ್ಬಂಗಳಲ್ಲಿ ನನಗೆ ಕಾಣೆಯಾಗಿದ್ದು ಈ ಗುದ್ದಾಟವೇ. ಆತನ ಎರಡು ಹಾಡುಗಳಿಗೂ ಇಲ್ಲಿ ಜಾಗ ಸಿಕ್ಕಿದೆ. ‘ಬ್ಯಾಕ್ ಟು ಯುವರ್ ಹಾರ್ಟ್’ ನನಗಂತೂ ಹೆಚ್ಚು ಇಷ್ಟ.

ಈ ಮೂವರು ಬೇರೆಯಾಗೋ ಮುಂಚೆ ಮಾಡಿದ್ದು 3 ಆಲ್ಬಂ. ಒಂದಾದ ಮೇಲೆ, 2021ರ ‘ಸ್ವೀಪ್ ಇಟ್ ಇನ್‌ಟು ಸ್ಪೇಸ್’ವರೆಗೆ, 5. ಹೊಸದಾಗಿ ಕೇಳೋರು 1987ರ ‘ಯೂ ಆರ್ ಲಿವಿಂಗ್ ಆಲ್ ಓವರ್ ಮಿ’ ಮುಗಿಸಿ ನೇರ ‘ಬಿಯಾಂಡ್’ಗೆ ಬನ್ನಿ. ನಡುವಿನ 20 ವರ್ಷ ಎಲ್ಲಿ ಹೋಯ್ತು ಅಂತ ಹುಡುಕಬೇಕಾಗುತ್ತೆ.