ಹನ್ನೆರಡು ಶಿಶುಗಳು, ಒಂದು ಸಂದೇಹ

1747ನೆಯ ಇಸವಿಯ ಮೇ ತಿಂಗಳಿನಲ್ಲಿ ಸ್ಕಾಟ್ಲೆಂಡಿನ ನೌಕಾವೈದ್ಯ ಜೇಮ್ಸ್ ಲಿಂಡ್, ‘ಸಾಲಿಸ್ಬರಿ’ ಹಡಗಿನಲ್ಲಿ ಸ್ಕರ್ವಿ ರೋಗದಿಂದ ನರಳುತ್ತಿದ್ದ ಹನ್ನೆರಡು ನಾವಿಕರನ್ನು ಆರು ಜೋಡಿಗಳಾಗಿ ವಿಂಗಡಿಸಿ ಆರು ಬಗೆಯ ಚಿಕಿತ್ಸೆ ನೀಡಿದನು. ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡಿತು. ಹಲವು ಮದ್ದುಗಳನ್ನು ಏಕಕಾಲದಲ್ಲಿ ತೂಗಿನೋಡುವ ಕ್ರಮ ಹೀಗೆ ಹಳೆಯದೇ. ಹೊಸದೆಂದರೆ, ಪರೀಕ್ಷೆ ನಡೆಯುತ್ತಿರುವಾಗಲೇ ಅದುವರೆಗಿನ ಫಲವನ್ನು ನೋಡಿ ದಿಕ್ಕು ಬದಲಿಸುವ ಯೋಚನೆ. 1933ರಲ್ಲಿ ವಿಲಿಯಂ ಥಾಮ್ಸನ್ ಇದಕ್ಕೆ ಗಣಿತರೂಪ ಕೊಟ್ಟರೂ, ಆಸ್ಪತ್ರೆಯ ಬಾಗಿಲಿಗೆ ಅದು ಬಂದದ್ದು ಬಹಳ ತಡವಾಗಿ.

ಅಮೆರಿಕದ ಮಿಶಿಗನ್ನಿನಲ್ಲಿ ರಾಬರ್ಟ್ ಬಾರ್ಟ್‌ಲೆಟ್ ಮತ್ತು ಸಂಗಡಿಗರು ನಡೆಸಿ 1985ರಲ್ಲಿ ಪ್ರಕಟಿಸಿದ ಪರೀಕ್ಷೆ ಇಲ್ಲಿ ಸ್ಮರಣೀಯ. ಉಸಿರಾಟ ಕುಸಿದ ನವಜಾತ ಶಿಶುಗಳ ರಕ್ತವನ್ನು ಹೊರತೆಗೆದು, ಯಂತ್ರದ ಮೂಲಕ ಆಮ್ಲಜನಕ ಬೆರೆಸಿ ಮರಳಿಸುವ ‘ಎಕ್ಮೋ’ ಒಂದು ಕಡೆ. ಅಂದಿನ ರೂಢಿಯ ಚಿಕಿತ್ಸೆ ಇನ್ನೊಂದು ಕಡೆ. ಮೊದಲಿಗೆ ಎರಡಕ್ಕೂ ಸಮಾನ ಅವಕಾಶ. ಬಳಿಕ ಗೆದ್ದುದರತ್ತ ಚೀಟಿ ವಾಲುತ್ತ ಹೋಗುವ ನಿಯಮ. ಉದ್ದೇಶ ಕರುಣೆಯದೇ. ಆದರೆ ರೂಢಿಯ ಚಿಕಿತ್ಸೆ ದೊರೆತದ್ದು ಒಂದೇ ಒಂದು ಮಗುವಿಗೆ, ಅದು ತೀರಿಕೊಂಡಿತು. ಎಕ್ಮೋ ಪಡೆದ ಹನ್ನೊಂದೂ ಉಳಿದವು. ಒಂದು ಸಾವನ್ನು ಹಿಡಿದು ತೀರ್ಪು ಹೇಳಬಹುದೆ? ಅನೇಕ ತಜ್ಞರು ಒಪ್ಪಲಿಲ್ಲ. 1990ರ ದಶಕದಲ್ಲಿ ಬ್ರಿಟನ್ 185 ಶಿಶುಗಳನ್ನೊಳಗೊಂಡು ಮತ್ತೆ ಪರೀಕ್ಷಿಸಬೇಕಾಯಿತು. ರೂಢಿಯ ಚಿಕಿತ್ಸೆ ಪಡೆದ 92 ಶಿಶುಗಳಲ್ಲಿ 54, ಎಕ್ಮೋ ಗುಂಪಿನ 93ರಲ್ಲಿ 30 ಅಸುನೀಗಿದವು. ಮಿಶಿಗನ್ನಿನ ತ್ವರೆ ನೋವನ್ನು ತಪ್ಪಿಸಲಿಲ್ಲ, ಮುಂದೂಡಿತು ಎಂದೇ ನನ್ನ ಎಣಿಕೆ. ಸಮ್ಮೇಳನಕ್ಕೆ ಬಂದಿರುವ ವೈದ್ಯಮಿತ್ರರು ಇದನ್ನು ಒಪ್ಪದಿರಬಹುದು.

ಮುಂದಿನವರು ಈ ಸಂದೇಹಕ್ಕೆ ಎಡೆಗೊಡದ ದಾರಿ ಹುಡುಕಿದರು. ಮೂರು ಔಷಧಗಳಿಗೆ ಮೂರು ಪರೀಕ್ಷೆಗಳಾದರೆ ಆರು ಗುಂಪುಗಳು ಬೇಕು. ರೂಢಿಯ ಚಿಕಿತ್ಸೆಯ ಗುಂಪೊಂದನ್ನು ಮೂರಕ್ಕೂ ಸಮಾನವಾಗಿಸಿದರೆ ನಾಲ್ಕೇ ಸಾಕು. ಸೋಲುವ ಔಷಧವನ್ನು ಯಾವ ಹಂತದಲ್ಲಿ ಕೈಬಿಡಬೇಕೆಂಬುದನ್ನು ಮೊದಲೇ ಬರೆದಿಡಬೇಕು. ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ಬ್ರಿಟನ್ನಿನಲ್ಲಿ 2005ರಲ್ಲಿ ಆರಂಭವಾದ ‘ಸ್ಟಾಂಪೀಡ್’ ಪರೀಕ್ಷೆ ಹೀಗೆಯೇ ಆರು ಗುಂಪುಗಳಿಂದ ಹೊರಟಿತು. 2011ರಲ್ಲಿ ಸೆಲಿಕಾಕ್ಸಿಬ್ ಹೊರಬಿತ್ತು. ಅದೇ ವರ್ಷ ಅಬಿರಟೆರೋನ್ ಒಳಬಂದಿತು. ಹೊಸಬರನ್ನು ಹೋಲಿಸಿದ್ದು ಹಳೆಯ ರೋಗಿಗಳೊಡನೆ ಅಲ್ಲ, ಅದೇ ಕಾಲದಲ್ಲಿ ಸೇರಿದವರೊಡನೆ. ಅಬಿರಟೆರೋನ್ ಆಯುಷ್ಯವನ್ನು ಹೆಚ್ಚಿಸುತ್ತದೆಂದು 2017ರಲ್ಲಿ ಪ್ರಕಟವಾಯಿತು.

ಕೋವಿಡ್ ಕಾಲದಲ್ಲಿ ಆಕ್ಸ್‌ಫರ್ಡಿನವರು ನಡೆಸಿದ ‘ರಿಕವರಿ’ಯೂ ಹಲವು ಔಷಧಗಳನ್ನು ಒಟ್ಟಿಗೆ ಪರೀಕ್ಷಿಸಿತು. ಮೊದಲ ರೋಗಿ ಸೇರಿದ್ದು 2020ರ ಮಾರ್ಚ್ 19ರಂದು. ಹೈಡ್ರಾಕ್ಸಿಕ್ಲೋರೋಕ್ವಿನ್ ನಿಷ್ಫಲವೆಂದು ಜೂನ್ 5ರಂದು ಸಾರಲಾಯಿತು. ಅಗ್ಗದ ಡೆಕ್ಸಾಮೆಥಾಸೋನ್ ಕೃತಕ ಉಸಿರಾಟದಲ್ಲಿದ್ದವರ ಸಾವನ್ನು ಸುಮಾರು ಮೂರನೆಯ ಒಂದರಷ್ಟು ತಗ್ಗಿಸುತ್ತದೆಂದು ಜೂನ್ 16ರಂದು. ಆಮ್ಲಜನಕ ಬೇಕಿಲ್ಲದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ. ಔಷಧದ ಗುಂಪಿನಲ್ಲಿದ್ದವರು 2,104 ಮಂದಿ. ಅವರೊಡನೆ ಹೋಲಿಸಲು ರೂಢಿಯ ಚಿಕಿತ್ಸೆಯಲ್ಲಿದ್ದವರು 4,321. ಮಿಶಿಗನ್ನಿನಲ್ಲಿ ಆ ಜಾಗದಲ್ಲಿ ಒಂದೇ ಮಗುವಿತ್ತು.